ಕೊಟ್ಟವರ ಹೆಸರು ಕೂಗಿದರು

ಸವಾಯಿ ದ್ವೀಪ, ಸೋಮವಾರ

ಅಕ್ಕಾ,

ಹಡಗಿನಲ್ಲಿ ಈ ಸಲ ವಾಂತಿಯಾಗಲಿಲ್ಲ, ಆರೋಗ್ಯವಾಗಿದ್ದೇನೆ. ಆದರೆ ಇಲ್ಲಿ ನನ್ನ ಮಾನ ಹೋಯಿತು.

ಸಕ್ಕರೆ ಕಾಯಿಲೆ ತಡೆಯುವ ಬಗ್ಗೆ ನನ್ನ ಸಂಶೋಧನೆಯ ಪುಸ್ತಿಕೆಯನ್ನು ಊರ ಸಭೆಯಲ್ಲಿ ಓದಿದೆ. ಆಮೇಲೆ ಊರ ಹಿರಿಯರಾದ ಪೊಲೆವಿಯಾ, ಕಾಣಿಕೆ ಕೊಟ್ಟವರ ಹೆಸರನ್ನು ಎಲ್ಲರೆದುರು ಕೂಗುವ ಪದ್ಧತಿಯಂತೆ, ನಾನು ಕಾಣಿಕೆಗೆ ತಂದಿದ್ದ ಮೀನಿನ ಡಬ್ಬಿಗಳನ್ನು ನನ್ನ ಹೆಸರು ಹಿಡಿದು ಕೂಗಿದರು. "ಈ ಸಂಶೋಧನೆಗೆ ದುಡ್ಡು ಕೊಟ್ಟೋರು ಯಾರಮ್ಮಾ? ಅವರ ಹೆಸರೂ ಕೂಗ್ಬೇಕಲ್ಲ" ಅಂದರು. ಪುಸ್ತಿಕೆಯಲ್ಲಿ ಅದನ್ನು ಹಾಕಿರಲಿಲ್ಲ. ಮೆಲ್ಲಗೆ ಹೇಳಿದೆ. ಅವರು ಬಯಲಲ್ಲಿ ಕೋಲೂರಿ ನಿಂತು, ದುಡ್ಡು ಕೊಟ್ಟಿದ್ದ ಕೂಲ್‌ಡ್ರಿಂಕ್ ಕಂಪನಿಗೆ ಊರಿಗೆಲ್ಲ ಕೇಳುವಂತೆ ಕೃತಜ್ಞತೆ ಕೂಗಿಬಿಟ್ಟರು!

ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡ ಸೆಫಿನಾ ಅಜ್ಜಿ, "ಅದಕ್ಕೇ ಏನೇ, ದಿನಾ ನಡೀರಿ ನಡೀರಿ ಅಂತ ನೀನು ಅಷ್ಟು ಹೇಳ್ದೆ, ಆ ಕೂಲ್‌ಡ್ರಿಂಕ್ ಕುಡೀಬೇಡಿ ಅಂತ ಒಂದ್ಸಲಾನೂ ಅನ್ಲಿಲ್ವಲ್ಲ!" ಅಂದಳು.

ಪುಸ್ತಿಕೆ ಬರೆದವರೂ ಕಂಪನಿಯವರೇ, ನನ್ನದು ಹೆಸರು ಮಾತ್ರ ಎನ್ನಲು ಬಾಯೇ ಬರಲಿಲ್ಲ.

ಅಮ್ಮನಿಗೆ ಮಾತ್ರೆ ತಪ್ಪಿಸಬೇಡ. ನೀನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೀಯಲ್ಲ, ಆ ಪುಸ್ತಿಕೆಯ ಮುಖಪುಟ, ಅದನ್ನು ಇವತ್ತೇ ಇಳಿಸು. ಬೇಕಿದ್ದರೆ ಈ ಕಾರ್ಡು ಹಾಕಿಕೋ. ಇದನ್ನು ನಾನೇ ಬರೆದದ್ದು, ಸ್ಟಾಂಪಿನ ದುಡ್ಡೂ ನನ್ನದೇ.

ನಿನ್ನ ತಂಗಿ,
ವಾಯಿಮಿಲಿ