ಕೆಂಪು ಹತ್ತದ ಲೋಹ

ನಾಸಿಕ
೯ ನವೆಂಬರ್ ೨೦೧೨

ಚಿರಂಜೀವಿ ಜಯಂತನಿಗೆ ತಂದೆಯ ಆಶೀರ್ವಾದ.

ಬಲಗೈ ಹೇಗಿದೆ? ಬೆರಳು ಮಡಚಲು ಬರುತ್ತದೆಯೇ? ಪ್ರಿಯಂವದಾ ಫೋನಿನಲ್ಲಿ ಎಲ್ಲವೂ ಚೆನ್ನಾಗಿದೆ ಎನ್ನುತ್ತಾಳೆ. ನಿನ್ನಕ್ಕ ಸಣ್ಣವಳಿದ್ದಾಗಿನಿಂದ ಹಾಗೆಯೇ. ಬಿಜಾಪುರದಲ್ಲಿ ಥಂಡಿ ಶುರುವಾಗಿರಬೇಕು, ಸುಟ್ಟ ಚರ್ಮಕ್ಕೆ ಗಾಳಿ ತಾಗದಂತೆ ನೋಡಿಕೊ. ನಾನೂ ನಿಮ್ಮಮ್ಮನೂ ಇದ್ದೇವೆ. ಊಟವಾಗುತ್ತದೆ, ರುಚಿ ಕೇಳಬೇಡ.

ಮಂಗಳವಾರ ಮನ್ಮಾಡ್ ಮಾರ್ಗವಾಗಿ ಔರಂಗಾಬಾದಿಗೆ ಹೋಗಿಬಂದೆ. ದಾರದ ತುದಿಯಲ್ಲಿ ಇನ್ನಷ್ಟು ಹೊತ್ತು ತಿರುಗಲೆಂದು ನೀನು ಮ್ಯಾಗ್ನೀಸಿಯಂನಲ್ಲಿ ಮಾಡಿಸಿದ ಮೂವತ್ತು ಯೋ-ಯೋಗಳಲ್ಲಿ ಇಪ್ಪತ್ತೆಂಟನ್ನು, ಲೋಹಕ್ಕೆ ಪದರ ಕೂರಿಸಿ ಬಣ್ಣ ಹತ್ತಿಸುವ ಆನೋಡೈಸಿಂಗಿನವರು ಅಲ್ಯೂಮಿನಿಯಂ ಅದ್ದುವ ಆಮ್ಲದ ತೊಟ್ಟಿಗೇ ಹಾಕಿದ್ದಾರೆ. ಪೆಟ್ಟಿಗೆಯ ಮೇಲೆ ನೀನು ಮೂರು ಭಾಷೆಯಲ್ಲಿ ಮ್ಯಾಗ್ನೀಸಿಯಂ ಎಂದು ಬರೆದಿದ್ದೆ. ಈಗ ಅವು ನುಸಿ ತಿಂದ ಜೋಳದ ಹಾಗಿವೆ. ಯಾರು ಅದ್ದಿದರೆಂದು ಕೇಳಿದೆ. ಮಾಲೀಕ ಉಮಾನಾಥ, ಭಾಲ್ಕಿ ಕಡೆಯವನು, ಚಹಾ ತರಿಸಿ, "ಓದೋರು ಯಾರ್ರಿ ಕಾಕಾ ಇಲ್ಲಿ? ಹಗುರ ಅದ ಅಂದ್ರ ಅಲ್ಯೂಮಿನಿಯಂ ಅಂತ ಅದ್ದೇ ಬಿಡ್ತಾರ" ಎಂದ. ಉಳಿದೆರಡನ್ನು ನನ್ನೆದುರಿಗೇ ಕ್ಷಾರದ ದ್ರಾವಣದಲ್ಲಿ ಮಾಡಿಸಿದೆ. ಪದರ ಕೂತಿತು, ನೀನು ಕೇಳಿದ ಕೆಂಪು ಹತ್ತಲಿಲ್ಲ; ಸಿಮೆಂಟಿನ ಬಣ್ಣ. "ಇದಕ್ಕ ಸಿಂಗಾರದ ಹುಚ್ಚಿಲ್ರಿ, ಹಿಂಗೇ ಒಯ್ರಿ" ಎಂದು ನಕ್ಕ.

೧೯೭೮ರಲ್ಲಿ ನಮ್ಮ ಸೊಲ್ಲಾಪುರದ ಬ್ಯಾಂಕಿನಲ್ಲಿ ದಾಖಲೆಗಳು ಮಳೆಗೆ ತೊಯ್ದದ್ದಕ್ಕೆ ಜವಾನ ಮಾಳಪ್ಪನನ್ನು ಹೊಣೆ ಮಾಡಿದಾಗ ಒಂಬತ್ತು ಪತ್ರ ಬರೆದಿದ್ದೆ. ಕಿಟಕಿ ತೆರೆದಿಟ್ಟ ಮ್ಯಾನೇಜರನ ಹೆಸರು ಹೊರಬೀಳುವವರೆಗೂ ಬಿಟ್ಟಿರಲಿಲ್ಲ. ಉಮಾನಾಥನ ಮುಂದೆ ಸಿಟ್ಟೂ ಬರಲಿಲ್ಲ. ಚಹಾ ಕುಡಿದು ಎದ್ದುಬಂದೆ.

ಸಾತ್ಪುರದ ನಿನ್ನ ಶೆಡ್ಡಿನಲ್ಲಿ ಲೇತಿಗೆ ಬಂದ ಹೊಸ ಟರ್ನರನಿಂದ ಕೆಲಸ ಸಾಗುತ್ತಿಲ್ಲ. ಮೊಂಡು ಟೂಲನ್ನೇ ಒತ್ತುತ್ತಾನೆ, ಲೋಹ ಹಿಟ್ಟಿನಂತೆ ಉದುರುತ್ತದೆ. ಬೆಂಕಿಗೆ ಆ ಹಿಟ್ಟೇ ಮೊದಲ ತುತ್ತು. ವೈಜನಾಥ ಟೂಲು ಹರಿತ ಮಾಡಿಕೊಂಡು ದಪ್ಪ ಸುರುಳಿಯಾಗಿ ತೆಗೆಯುತ್ತಿದ್ದ. ಖಂಡೇನವಮಿಯ ಆಯುಧಪೂಜೆಯ ದಿನ ಶೆಡ್ಡಿನಲ್ಲಿ ಹೊತ್ತಿದ ಬೆಂಕಿಗೆ ನೀರು ಸುರಿದು ನಿನ್ನ ಕೈ ಸುಟ್ಟವನು ಅವನೇ ಎಂದು ನೀನು ಕೆಲಸದಿಂದ ತೆಗೆದೆ. ಆ ಮಾತು ಸಾತ್ಪುರವೆಲ್ಲ ಹಬ್ಬಿದೆ, ಯಾವ ಕಾರ್ಖಾನೆಯೂ ಅವನನ್ನು ಸೇರಿಸುತ್ತಿಲ್ಲ. ಹದಿನಾಲ್ಕು ವರ್ಷ ಲೇತ್ ನಡೆಸಿದವನು ಪಿಂಪಳಗಾಂವ್ ಬಸವಂತದಲ್ಲಿ ಉಳ್ಳಾಗಡ್ಡಿ ಚೀಲ ಹೊಲಿಯುತ್ತಿದ್ದಾನೆ. ಅವನ ಹೆಂಡತಿ ಸುಮನ ಮೊನ್ನೆ ಬಂದಿದ್ದಳು. "ಆ ಲೋಹಕ್ಕ ನೀರು ತೋರಿಸಬಾರದು ಅಂತ ನಮ್ಮ ಮನಿ ಮಕ್ಕಳಿಗೂ ಗೊತ್ತೈತ್ರಿ ಸಾಹೇಬ್ರ. ನಮ್ಮ ಯಜಮಾನ್ರಿಗೆ ಗೊತ್ತಿರಲಿಲ್ಲೇನ್ರಿ?" ಎಂದಳು. ನಿಮ್ಮಮ್ಮ ನನ್ನ ಮುಖ ನೋಡಿದಳು. ನಾನು ಪೇಪರ್ ಓದುತ್ತಿದ್ದೆ.

ಔಷಧ ತಪ್ಪಿಸಬೇಡ. ಅಕ್ಕನಿಗೂ ಭಾವನಿಗೂ ನಾವು ನೆನೆದೆವೆಂದು ಹೇಳು. ನಿಮ್ಮಮ್ಮನ ಶೇಂಗಾ ಚಟ್ನಿಪುಡಿ ಬೇರೆ ಪಾರ್ಸೆಲಿನಲ್ಲಿ ಬರುತ್ತದೆ.

ನಿನ್ನ ತಂದೆ
ಬಿಂದುಮಾಧವ

ತಾ.ಕ.: ಅಂದು ಲೇತಿಗೆ ಕರ್ಪೂರದ ಆರತಿ ಎತ್ತಿದವನು ನಾನು. ಲೇತಿನಡಿಯ ಲೋಹದ ಸಿಪ್ಪೆ ತುಂಬಿದ ತಟ್ಟೆ ತೆಗೆಯುತ್ತೇನೆಂದ ವೈಜನಾಥನನ್ನು, ಮುಹೂರ್ತ ಮೀರುತ್ತದೆಂದು ತಡೆದವನೂ ನಾನು. ಕರ್ಪೂರ ಅದರೊಳಗೇ ಬಿತ್ತು. ಅವನು ಒಣ ಮರಳಿನ ಬಕೆಟ್ ಎತ್ತಿಕೊಂಡು ಬರುವಷ್ಟರಲ್ಲಿ ನಾನು ಪೂಜೆಯ ತಂಬಿಗೆಯ ನೀರು ಸುರಿದೆ; ಬೆಂಕಿ ಸಿಡಿದು ಭುಗಿಲೆದ್ದಿತು. ಆ ಬಿಳಿ ಬೆಳಕಿನಲ್ಲಿ ನಿನಗೆ ಕಂಡದ್ದು ಅವನ ಕೈಯ ಬಕೆಟ್ ಮಾತ್ರ. ನೀನು ಕೇಳಿದಾಗ ಅವನು ನನ್ನತ್ತ ನೋಡಿ ಸುಮ್ಮನಾದ. ನಾನೂ ಸುಮ್ಮನಾದೆ. ನಾಳೆ ಪಿಂಪಳಗಾಂವಕ್ಕೆ ಹೋಗುತ್ತೇನೆ. ಅವನು ಮರಳಿ ಕೆಲಸಕ್ಕೆ ಬರುತ್ತಾನೋ ಇಲ್ಲವೋ. ಈ ಕಾಗದವನ್ನು ಅಂಚೆಗೆ ಹಾಕಿದ ಮೇಲೆಯೇ ಬಸ್ಸು ಹತ್ತುತ್ತೇನೆ.