ಅರ್ಧವಾದ ಬೋಗುಣಿ

ಅತ್ತೆಗೆ ನಮಸ್ಕಾರ.

ನೀವು ನಮ್ಮ ಸೋಯಾಕಾಳು ಕದಿಯುತ್ತಿದ್ದೀರಿ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಅಮ್ಮ ಹಿಂದಿನ ದಿನವೇ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಉಪ್ಪು ಖಾರ ಸವರಿ, ಬೋಗುಣಿ ತುಂಬ ಕಾಳನ್ನು ಹುರಿದುಕೊಡಲೆಂದು ನಿಮ್ಮ ಮನೆಗೆ ಕಳಿಸುತ್ತಾಳೆ. ನಿಮ್ಮ ಒವನ್‌ನಿಂದ ಗರಿಗರಿಯಾಗಿ ವಾಪಸ್ ಬರುವುದು ಅರ್ಧ ಬೋಗುಣಿ. ಅವಳ ಜೊತೆ ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವ ಹನ್ನೊಂದು ಹೆಂಗಸರಿಗೆ ಸಂಜೆ ಚಹದ ಜೊತೆ ಒಂದೊಂದು ಮುಷ್ಟಿಯೂ ಸಿಗುವುದಿಲ್ಲ. ದುಡಿಯುವವರು ಒಬ್ಬರು, ತಿನ್ನುವವರು ಇನ್ನೊಬ್ಬರು ಎಂದು ಕಾರ್ಮಿಕ ಸಂಘದ ಕರಪತ್ರಗಳಲ್ಲಿ ಓದಿದ್ದೆ. ನಮ್ಮ ಮನೆಯಲ್ಲೇ ಕಾಣುತ್ತೇನೆಂದುಕೊಂಡಿರಲಿಲ್ಲ.

ಮೊನ್ನೆ ಕೇಳಿದ್ದಕ್ಕೆ ನೀವು, "ಕರಪತ್ರದ ಪಂಡಿತ, ಯಾವತ್ತಾದ್ರೂ ಒಲೆ ಮುಂದೆ ನಿಂತಿದ್ದೀಯೇನೋ?" ಎಂದು ನಕ್ಕಿರಿ. ಅಮ್ಮನೂ ನಿಮ್ಮ ಪರವೇ. "ನೀರು ಕುಡಿದ ಕಾಳು ಉಬ್ಬಿರತ್ತೆ, ಹುರಿದ್ರೆ ಕುಗ್ಗತ್ತೆ ಕಣೋ. ನಿನ್ನ ಅನುಮಾನಕ್ಕೆ ನಾನ್ಯಾಕೆ ನಾದಿನೀನ ಕಳ್ಕೊಳ್ಲಿ?" ಎಂದವಳು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಇಂದು ಬೆಳಿಗ್ಗೆ ನಾನೇ ಒಂದು ಬಟ್ಟಲು ನೆನೆದ ಕಾಳನ್ನು ಎಣಿಸಿ ಬಾಣಲೆಯಲ್ಲಿ ಹುರಿದೆ. ಒಂದು ಕಾಳೂ ಕಡಿಮೆಯಾಗಲಿಲ್ಲ, ಆದರೂ ಬಟ್ಟಲು ತುಂಬಲಿಲ್ಲ. ಬಾಣಲೆ ಬೇರೆ, ಒವನ್ ಬೇರೆ. ನನ್ನ ಅನುಮಾನ ಇನ್ನೂ ಹೋಗಿಲ್ಲ.

ಅದಕ್ಕೇ ಈ ಸಲ ಬೋಗುಣಿಯನ್ನು ನಾನೇ ತರುತ್ತೇನೆ. ಕಾಳು ಹುರಿದು ಮುಗಿಯುವವರೆಗೂ ನಿಮ್ಮ ಒವನ್ ಮುಂದೆಯೇ ನಿಂತಿರುತ್ತೇನೆ. ಅದು ನನ್ನ ಕಣ್ಣೆದುರೇ ಅರ್ಧವಾದರೆ ಅಮ್ಮನ ಮುಂದೆ ನಿಮ್ಮ ಕ್ಷಮೆ ಕೇಳುತ್ತೇನೆ. ಅವಳನ್ನೂ ಕರೆತರುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆಗೆಯಿರಿ.

ಇಂತಿ,
ನಿಮ್ಮ ಅಣ್ಣನ ಮಗ