ಆಯಿಯ ವಿಮಾನ ಪುರಾಣ

ಶಾಂಭವಿ,

ನಾನು ನರೋಣಾಕ್ಕೆ ಹೊರಟೆ, ನಾಳೆ ಸಂಜೆ ಬರುತ್ತೇನೆ. ಹಾಲು ಕಾಸಿಟ್ಟಿದ್ದೇನೆ, ಬೆಕ್ಕಿನ ಕಡೆ ಗಮನವಿರಲಿ.

ವಾಯುಪಡೆಯ ಸಂದರ್ಶನಕ್ಕೆ ಹೋಗುವ ಮುನ್ನ ನೀನು ಓದಲೇಬೇಕಾದ ಎರಡು ಪುಸ್ತಕ ಕಪಾಟಿನಲ್ಲಿವೆ. ದಪ್ಪನೆಯದು ಹಾರಾಟದ ಚರಿತ್ರೆ. ಬಟ್ಟೆ, ಕಟ್ಟಿಗೆ, ತಂತಿಯ ವಿಮಾನ ಹತ್ತಿ ಯುದ್ಧಕ್ಕೆ ಹೋದವರ ಬಗ್ಗೆ ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಸಣ್ಣದು ಒಬ್ಬ ಪೈಲಟ್‌ನ ಆತ್ಮಕಥೆ. ಅದರಲ್ಲಿ ಅವನ ಶೌರ್ಯದ ಸುದ್ದಿಯೇ ಇಲ್ಲ. ತನ್ನ ಹೆದರಿಕೆಯನ್ನೂ ಇಂಜಿನ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್‌ನನ್ನೂ ಮನಸಾರೆ ಬರೆದಿದ್ದಾನೆ. ಮೊದಲು ಅದನ್ನೇ ಓದು.

ಅದರ ರಟ್ಟಿನ ಮೇಲಿನ ವಿಭೂತಿ ಒರೆಸಬೇಡ. ಮಧ್ಯಾಹ್ನದ ಹೊತ್ತು ಆ ಪುಸ್ತಕವನ್ನೇ ಆಯಿಗೆ ಓದಿ ಹೇಳುತ್ತಿದ್ದೇನೆ. ಶ್ರಾವಣದ ಪುರಾಣ ಎಂಬಂತೆ ಪುಸ್ತಕಕ್ಕೆ ವಿಭೂತಿ ಹಚ್ಚಿ, ತಲೆಯ ಮೇಲೆ ಸೆರಗು ಹೊದ್ದು ಕೂಡುತ್ತಾಳೆ. “ಮೊಮ್ಮಗಳು ಮುಗಲಾಗ ಹಾರೂದು ಬ್ಯಾಡ” ಎಂದು ನಿನ್ನ ಹತ್ತಿರ ಮಾತು ಬಿಟ್ಟವಳು, ನಿನ್ನೆ ಓದಿನಲ್ಲಿ ಮೋಡದೊಳಗೆ ಆ ಪೈಲಟ್‌ನ ಇಂಜಿನ್ ನಿಂತಾಗ ಕೈ ಮುಗಿದಳು. ನಾನು ಬೇಕಂತಲೇ ಅಲ್ಲಿಗೆ ನಿಲ್ಲಿಸಿದೆ. “ಪುರಾಣ ನಡುವ ಬಿಟ್ಟು ಏಳಬಾರದು. ಆ ಹುಡುಗ ಕೆಳಗ ಇಳದಾನೋ ಇಲ್ಲೋ ಹೇಳಿ ಹೋಗು, ಲೇ” ಎಂದು ಬೆಳಿಗ್ಗೆಯಿಂದ ಬೈಯುತ್ತಿದ್ದಾಳೆ.

ನವಿಲುಗರಿ ಇಟ್ಟ ಪುಟದಿಂದ ಇವತ್ತು ನೀನೇ ಓದಿ ಹೇಳು. ಅವನು ಇಳಿಯುವವರೆಗೆ ಸಂದರ್ಶನದ ಮಾತು ಎತ್ತಬೇಡ. ಇಳಿದ ಮೇಲೆ ನೀನು ಎತ್ತುವುದೇ ಬೇಡವಾಗಬಹುದು. ಚಹಾ ಕುಡಿಯುತ್ತಾ ಈಗಷ್ಟೇ ನನ್ನನ್ನು ಕೇಳಿದಳು, “ಇಷ್ಟೆಲ್ಲಾ ನಮ್ಮ ಶಾಂಭವಿಗೆ ಬರ್ತದೇನು?”

ಅದರ ಉತ್ತರವನ್ನು ನಿನಗೆಂದು ಬಿಟ್ಟಿದ್ದೇನೆ.

ಗುರುಶಾಂತ ಕಾಕಾ